ಮೊದಲು ಮೈನಸ್

ಯಾಕುತ್ಸ್ಕ್‌ನಲ್ಲಿ ಸಂಜೆ ಆರೂವರೆ. ಮೈನಸ್ ನಲವತ್ತೆಂಟು.
ಕಡೆಯ ಅಂಗಡಿಗೆ ಕಡೆಯ ಬ್ರೆಡ್ಡು ಇಳಿಸಿ ಬಂದು
ವ್ಯಾನಿನ ಬಾನೆಟ್ಟು ಎತ್ತುತ್ತೇನೆ.
ಹತ್ತನೇ ನಂಬರಿನ ಸ್ಪ್ಯಾನರು
ಕೈಗವಸಿನೊಳಗೇ ಇರಬೇಕು, ಹಲ್ಲಲ್ಲಿ ಕಚ್ಚಿಕೊಳ್ಳಬಾರದು.
ಮೊದಲ ಚಳಿಗಾಲದಲ್ಲಿ ಕಚ್ಚಿಕೊಂಡು
ಕೆಳತುಟಿಯ ಒಂದು ಚೂರನ್ನು
ಅದಕ್ಕೇ ಕೊಟ್ಟುಬಿಟ್ಟಿದ್ದೇನೆ.

ಮೊದಲು ಮೈನಸ್, ಎನ್ನುತ್ತಿದ್ದ ಖರ್ಲಾಂಪಿ.
ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್;
ಕಟ್ಟುವಾಗ ತಿರುಗಾಮುರುಗಾ.
ಗ್ಯಾರೇಜಿನ ಮಸಿಯಲ್ಲಿ ಕೂರಿಸಿ
ಮಗ್ಗಿಯಂತೆ ಹೇಳಿಸಿದ.
ಹೆಂಗಸಿಗೆ ಯಾಕೆ ವ್ಯಾನು ಎಂದು ಕೇಳಲಿಲ್ಲ.
ಕೇಳಿದ್ದು ಒಂದೇ: ನಿಮ್ಮ ಮನೆ ಎಷ್ಟನೇ ಮಹಡಿ?

ನಾಲ್ಕನೆಯದು. ಲಿಫ್ಟಿಲ್ಲ.

ಬಿಸಿ ಗ್ಯಾರೇಜು ಇದ್ದವರು ಹಾಯಾಗಿ ಮಲಗುತ್ತಾರೆ.
ದುಡ್ಡಿದ್ದವರು ಅಂಗಳದಲ್ಲಿ ರಾತ್ರಿಯಿಡೀ
ಇಂಜಿನ್ನು ಗುರುಗುಟ್ಟಲು ಬಿಡುತ್ತಾರೆ,
ಹೊಗೆ ಮೇಲೇಳಲಾರದೆ ಕಿಟಕಿಯ ಮಟ್ಟಕ್ಕೇ ಹೆಪ್ಪುಗಟ್ಟುತ್ತದೆ.
ನಾನು ಹದಿನೆಂಟು ಕಿಲೋ ಎತ್ತಿಕೊಳ್ಳುತ್ತೇನೆ.
ಕಂಕುಳಿಗೆ ಬಾರದು, ಸೊಂಟದ ಮೇಲೆ ಕೂರದು,
ಓರೆ ಮಾಡುವ ಹಾಗಿಲ್ಲ, ಒಳಗಿರುವುದು ಆಮ್ಲ.
ಎರಡನೇ ಮಹಡಿಯ ಸ್ತೆಪನೀದಾ ಬಾಗಿಲು ಸರಿಸಿ
'ಮಲಗಿತೇ?' ಎನ್ನುತ್ತಾಳೆ.
ದಿನವೂ ಅದೇ ಚೇಷ್ಟೆ.
ದಿನವೂ ನಗುತ್ತೇನೆ, ಉಸಿರು ಮಿಕ್ಕಿದ್ದರೆ.

ಭಾನುವಾರ ಅದಕ್ಕೆ ಅಭ್ಯಂಜನ.
ಕಂಬಗಳ ಸುತ್ತ ಬೂಸಲಿನಂತೆ ಕಟ್ಟಿದ
ಬಿಳಿ ಹಸಿರು ಪುಡಿಗೆ
ಬಿಸಿನೀರಲ್ಲಿ ಕದಡಿದ ಅಡುಗೆ ಸೋಡಾ,
ಹಲ್ಲುಜ್ಜಿ ಸವೆದ ಬ್ರಷ್ಷು.
ಬುಸ್ಸೆಂದು ನೊರೆ ಏಳುತ್ತದೆ, ತಣ್ಣಗಾಗುತ್ತದೆ.
ಒರೆಸಿ, ಒಣಗಿಸಿ, ಒಂದು ಬೆರಳು ವ್ಯಾಸಲೀನು.
ನನ್ನ ತುಟಿಗೂ ಅದೇ ಡಬ್ಬಿಯಿಂದ.

ಆ ಜನವರಿಯ ರಾತ್ರಿ ಮಾತ್ರ
ವ್ಯಾನಿನೊಳಗಿನ ಸಣ್ಣ ದೀಪ ಆರಿಸಲು ಮರೆತು
ಎರಡು ತಾಸು ಬೇಕರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ.
ಮೇಲೆ ತಂದು ಕಿವಿಗೊಟ್ಟು ಅಲುಗಿಸಿದರೆ
ಒಳಗೆ ನೀರಿನ ಸದ್ದಿಲ್ಲ.
ಬೆಳಿಗ್ಗೆ ಐದಕ್ಕೆ ಬ್ರೆಡ್ಡು ಹೊರಡಬೇಕು.
ಚಾರ್ಜರಿನ ಕೆಂಪು ಹಿಡಿಕೆ ಆಗಲೇ ನನ್ನ ಕೈಯಲ್ಲಿತ್ತು.

'ಇಡು ಕೆಳಗೆ' ಎಂದಳು ಎಬೆ, ನನ್ನಜ್ಜಿ.
ಬ್ಯಾಟರಿಯ ಬಗ್ಗೆ ಅವಳಿಗೇನು ಗೊತ್ತು,
ಪ್ಲಸ್ಸಿಗೂ ಮೈನಸ್ಸಿಗೂ ಅವಳು
ಕೆಂಪು ಕಿವಿ, ಕರಿ ಕಿವಿ ಅನ್ನುವವಳು.
ನಲವತ್ತು ವರ್ಷ ಕುದುರೆ ಸಾಕಿದ ಅಂಗೈಯನ್ನು
ಅದರ ಪಕ್ಕೆಗೆ ಒತ್ತಿ ಹಿಡಿದಳು.
'ಚಳಿಯಲ್ಲಿ ಓಡಿ ಬಂದದ್ದಕ್ಕೆ
ಬಂದ ಕೂಡಲೇ ಮೇವು ಹಾಕುತ್ತಾರೇನೇ?
ಕಟ್ಟಿ ನಿಲ್ಲಿಸು. ಬೆವರಲಿ. ಬೆವರು ಆರಲಿ.
ಆಮೇಲೆ ತಿನ್ನಲಿ, ನಿಧಾನಕ್ಕೆ.'

ಖರ್ಲಾಂಪಿಯೂ ಹೇಳಿದ್ದ, ಮಗ್ಗಿಯ ಕೊನೆಯ ಸಾಲು:
ಹೆಪ್ಪುಗಟ್ಟಿದ್ದಕ್ಕೆ ಕರೆಂಟು ಕೊಟ್ಟರೆ ಒಡೆಯುತ್ತದೆ.
ನಾನು ಆ ಸಾಲನ್ನು ನುಂಗಿಬಿಟ್ಟಿದ್ದೆ.

ಅಡುಗೆಮನೆ ಬೇಡ, ಮೇಯುವಾಗ ಅದರ ಉಸಿರಿಗೆ ಬೆಂಕಿಯಾಗದು.
ಬೂಟುಗಳ ಪಕ್ಕ, ಹಳೆಯ ಚಾಪೆಯ ಮೇಲೆ ಇಟ್ಟೆವು.
ಕಪ್ಪು ಮೈಯೆಲ್ಲ ಮೊದಲು ಬೆಳ್ಳಗಾಯಿತು,
ಆಮೇಲೆ ಹನಿಹನಿ, ಆಮೇಲೆ ಧಾರೆ.
ಎಬೆ ಸ್ಟೂಲು ಎಳೆದು ಕೂತು
ಲಾಯದಲ್ಲಿ ಕೂತಂತೆ ತೂಕಡಿಸಿದಳು.
ಹನ್ನೊಂದಕ್ಕೆ ಅಲುಗಿಸಿದೆ:
ಗುಳಕ್.

ಬೆಳಿಗ್ಗೆ ಪ್ಲಸ್ ಕಟ್ಟಿ, ಕೊನೆಗೆ ಮೈನಸ್.
ಬೆರಳ ತುದಿಯಲ್ಲಿ ಸಾಸಿವೆಯಷ್ಟು ಕಿಡಿ.
ವ್ಯಾನು ಎರಡು ಸಲ ಕೆಮ್ಮಿತು, ಬೈದಿತು,
ಹತ್ತೇ ನಿಮಿಷ ತಡ.

ಚಾಪೆಯ ಕೆಳಗೆ ನೆಲದಲ್ಲಿ ಒದ್ದೆಯ ಚೌಕ ಉಳಿದಿತ್ತು.
ಅಷ್ಟು ದೊಡ್ಡ ಮನೆ ಒರೆಸುವ ಎಬೆ
ಅದೊಂದನ್ನು ಒರೆಸಲಿಲ್ಲ.
ಇರಲಿ ಬಿಡು, ಅಂದಳು,
ರಾತ್ರಿ ಬಂದಾಗ ಜಾಗ ಹುಡುಕದಿರಲಿ.